ಕ್ರಿಸ್ತನನ್ನು ಗುರುವೆಂದು ಕರೆದ ಕನ್ನಡ

ವೈಟ್‌ಫೀಲ್ಡ್ ಎಂದೊಡನೆ ಇಂದು ಗಾಜಿನ ಕಟ್ಟಡಗಳು, ಕಂಪ್ಯೂಟರ್ ಕಂಪನಿಗಳು, ಸಾಲುಗಟ್ಟಿ ನಿಂತ ವಾಹನಗಳು ಕಣ್ಣಮುಂದೆ ಬರುತ್ತವೆ. ಈ ಊರು ಹುಟ್ಟಿದ್ದು ಮಾತ್ರ ಬೇರೆಯೇ ಉದ್ದೇಶಕ್ಕೆ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಇಲ್ಲಿ 3,900 ಎಕರೆ ಭೂಮಿ ಕೊಟ್ಟರು. ಆ ಸಮುದಾಯದ ಬಡ ಕುಟುಂಬಗಳು ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ಯೋಜನೆ. ಅದರ ಕನಸು ಕಂಡ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ವೃತ್ತಾಕಾರದ ಬೀದಿಗಳು, ಹೆಂಚಿನ ಮನೆಗಳು, ಚರ್ಚುಗಳು - ಬಹುಕಾಲ ವೈಟ್‌ಫೀಲ್ಡ್ ಇಷ್ಟೇ ಆಗಿತ್ತು.

ಸುಮಾರು ಎಂಬತ್ತು ವರ್ಷಗಳ ನಂತರ, 1963ರಲ್ಲಿ, ಕೇರಳದ ಮಾರ್ ತೋಮಾ ಸಭೆಯ ಗುರು ಎಂ. ಎ. ಥಾಮಸ್ ಇಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಆರಂಭಿಸಿದರು. 'ಎಕ್ಯುಮೆನಿಕಲ್' ಎಂಬುದು ಗ್ರೀಕ್ ಮೂಲದ ಮಾತು. ಜನವಾಸವಿರುವ ಇಡೀ ಲೋಕಕ್ಕೆ ಸಂಬಂಧಿಸಿದ್ದು ಎಂದು ಅದರ ಅರ್ಥ. ಒಡೆದುಹೋದ ಕ್ರೈಸ್ತ ಪಂಗಡಗಳು ಒಂದೆಡೆ ಕೂತು ಮಾತಾಡಲಿ, ಬೇರೆ ಧರ್ಮದವರೂ ಜೊತೆಗೂಡಲಿ, ಮಾತು ಚರ್ಚಿನ ಗೋಡೆ ದಾಟಿ ಸಮಾಜದ ಕಡೆಗೆ ಹೊರಳಲಿ ಎಂಬುದು ಅದರ ಆಶಯ. ಅನತಿ ದೂರದ ಕಾಡುಗೋಡಿಯಲ್ಲಿ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮ. ಹೀಗೆ ತಂತ್ರಜ್ಞಾನದ ಕಂಪನಿಗಳು ಬರುವ ಎಷ್ಟೋ ಮೊದಲೇ 'ಗುರು', 'ಶಿಷ್ಯ' ಎಂಬ ಮಾತುಗಳು ಈ ಸೀಮೆಗೆ ಪರಿಚಿತವಾಗಿದ್ದವು.

ಕ್ರೈಸ್ತರ ಮಟ್ಟಿಗೆ ಈ ಮಾತುಗಳ ಅರ್ಥವೇನು? ಕ್ರಿಸ್ತನನ್ನು ದೇವರೆಂದು, ರಕ್ಷಕನೆಂದು ಪ್ರಾರ್ಥಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗುರುವೆಂದು ಪ್ರಾರ್ಥಿಸುವುದು ಅದಕ್ಕಿಂತ ತುಸು ಭಿನ್ನ. ದೇವರ ಮುಂದೆ ಭಕ್ತ ಬೇಡುತ್ತಾನೆ. ಗುರುವಿನ ಮುಂದೆ ಶಿಷ್ಯ ಕಲಿಯಬೇಕಾಗುತ್ತದೆ, ಕಲಿತದ್ದನ್ನು ನಡೆದು ತೋರಿಸಬೇಕಾಗುತ್ತದೆ. ಈ ಕಲ್ಪನೆಗೆ ಕನ್ನಡ ನೆಲದಲ್ಲಿ ಸುಮಾರು ಮುನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಅದು ಬರೀ ಭಕ್ತಿಯ ಕಥೆಯಲ್ಲ. ಗುರುವಿನ ಪಾದದ ಬಳಿ ಕೂರಲು ಯಾರಿಗೆ ಅಧಿಕಾರ ಎಂಬ ಪ್ರಶ್ನೆ ಅದರ ಉದ್ದಕ್ಕೂ ಹಾಸುಹೊಕ್ಕಾಗಿದೆ.

ರಬ್ಬಿ ಮತ್ತು ಅವನ ಶಿಷ್ಯರು

ಯೇಸು ಹುಟ್ಟಿ ಬೆಳೆದದ್ದು ಯಹೂದಿ ಸಮಾಜದಲ್ಲಿ. ಧರ್ಮಶಾಸ್ತ್ರ ಬಲ್ಲ ಬೋಧಕನನ್ನು ಅಲ್ಲಿ 'ರಬ್ಬಿ' ಎಂದು ಕರೆಯುತ್ತಿದ್ದರು. ನಾಲ್ಕೂ ಸುವಾರ್ತೆಗಳಲ್ಲಿ ಜನ ಯೇಸುವನ್ನು ಸಂಬೋಧಿಸುವುದು ಬಹುಮಟ್ಟಿಗೆ ಹೀಗೆಯೇ. ಕನ್ನಡ ಬೈಬಲಿನಲ್ಲಿ ಇದಕ್ಕೆ 'ಗುರು', 'ಬೋಧಕ' ಎಂಬ ಎರಡೂ ಪದಗಳು ಬಳಕೆಯಾಗಿವೆ. ಅವನ ಹಿಂಬಾಲಕರಿಗೆ ಗ್ರೀಕ್ ಮೂಲದಲ್ಲಿರುವ ಪದ 'ಮಥೇತೇಸ್'; ಕಲಿಯುವವನು ಎಂದು ಅರ್ಥ. ನಾವು ಅದನ್ನು 'ಶಿಷ್ಯ' ಎಂದು ತಂದುಕೊಂಡಿದ್ದೇವೆ. ಇಲ್ಲೊಂದು ಲೆಕ್ಕ ಕುತೂಹಲಕರ. 'ಕ್ರೈಸ್ತ' ಎಂಬ ಮಾತು ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಮೂರೇ ಬಾರಿ. 'ಶಿಷ್ಯ' ಎಂಬ ಮಾತು ಬರುವುದು ಇನ್ನೂರೈವತ್ತಕ್ಕೂ ಹೆಚ್ಚು ಬಾರಿ. ಆರಂಭದಲ್ಲಿ ಈ ಜನ ತಮ್ಮನ್ನು ಒಂದು ಮತದವರೆಂದು ಭಾವಿಸುವುದಕ್ಕಿಂತ ಒಬ್ಬ ಗುರುವಿನ ಬಳಿ ಕಲಿಯುತ್ತಿರುವವರೆಂದೇ ಭಾವಿಸಿದ್ದರು.

ಕ್ರೈಸ್ತರ ಅತಿ ಪ್ರಸಿದ್ಧ ಪ್ರಾರ್ಥನೆ ಕೂಡ ಒಂದು ಪಾಠದಿಂದಲೇ ಹುಟ್ಟಿತು. ಲೂಕನ ಸುವಾರ್ತೆಯ ಪ್ರಕಾರ ಶಿಷ್ಯನೊಬ್ಬ ಬಂದು, ತಮಗೆ ಪ್ರಾರ್ಥನೆ ಮಾಡುವುದನ್ನು ಕಲಿಸಬೇಕೆಂದು ಕೇಳುತ್ತಾನೆ. ಯೇಸು ಕಲಿಸಿದ್ದು ಕೆಲವೇ ಸಾಲುಗಳ ಪ್ರಾರ್ಥನೆ: ದೇವರನ್ನು ತಂದೆ ಎಂದು ಕರೆಯುವುದು, ಅಂದಂದಿನ ಅನ್ನ ಕೇಳುವುದು, ತಮಗೆ ತಪ್ಪು ಮಾಡಿದವರನ್ನು ಕ್ಷಮಿಸಿದಂತೆ ತಮ್ಮನ್ನೂ ಕ್ಷಮಿಸೆಂದು ಬೇಡುವುದು. ಈ ಕೊನೆಯ ಬೇಡಿಕೆಯಲ್ಲಿ ಒಂದು ಷರತ್ತೇ ಇದೆ. ನೆರೆಯವನ ಮೇಲಿನ ಹಗೆ ಬಿಡದವನಿಗೆ ಈ ಪ್ರಾರ್ಥನೆ ಬಾಯಲ್ಲಿ ಬಂದರೂ ಒಳಗೆ ಇಳಿಯುವುದಿಲ್ಲ.

ಈ ಗುರು ಅಂದಿನ ವಾಡಿಕೆಯನ್ನು ಮೂರು ಕಡೆ ಮುರಿದದ್ದು ಗಮನಾರ್ಹ. ಯಹೂದಿ ವಿದ್ಯಾರ್ಥಿ ತನ್ನ ಗುರುವನ್ನು ತಾನೇ ಹುಡುಕಿಕೊಳ್ಳುವುದು ಸಾಮಾನ್ಯ ಪದ್ಧತಿ. ಇಲ್ಲಿ ಗುರುವೇ ಬೆಸ್ತರನ್ನು, ಸುಂಕದವನನ್ನು ಹೆಸರು ಹಿಡಿದು ಕರೆದ. ಗುರುವಿನ ಪಾದದ ಬಳಿ ಕೂರುವುದೆಂದರೆ ಶಿಷ್ಯವೃತ್ತಿ ಎಂದೇ ಅರ್ಥ. ಬೆಥಾನಿಯ ಮರಿಯಳು ಹಾಗೆ ಕೂತಾಗ ಹೆಣ್ಣಿಗೆ ಅಡುಗೆಮನೆಯೇ ತಕ್ಕ ಜಾಗವೆಂಬ ಆಕ್ಷೇಪ ಬಂದರೂ ಯೇಸು ಅವಳನ್ನು ಎಬ್ಬಿಸಲಿಲ್ಲ. ಮೂರನೆಯದು, ಕಡೆಯ ರಾತ್ರಿಯ ಊಟದಲ್ಲಿ ಅವನೇ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದದ್ದು. ಶಿಷ್ಯ ಗುರುವಿನ ಪಾದಪೂಜೆ ಮಾಡುವ ನಮ್ಮ ನಾಡಿನಲ್ಲಿ ಈ ಪ್ರಸಂಗದ ತೀವ್ರತೆ ಬೇರೆಯವರಿಗಿಂತ ನಮಗೇ ಬೇಗ ತಿಳಿಯುತ್ತದೆ. ಇದರ ನೆನಪಿನ ದಿನ ಕ್ರೈಸ್ತರ ಪವಿತ್ರ ವಾರದ ಗುರುವಾರವೇ ಆಗಿರುವುದು ಕನ್ನಡದಲ್ಲಿ ಒದಗಿದ ಆಕಸ್ಮಿಕ. ಆ ದಿನ ಕಥೋಲಿಕ ಚರ್ಚುಗಳಲ್ಲಿ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುವ ರೂಢಿಯಿದೆ. ಅಧಿಕೃತ ವಿಧಿಯ ಪ್ರಕಾರ ಅವರು ಗಂಡಸರೇ ಆಗಿರಬೇಕಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ನಿಯಮ ಬದಲಿಸಿ ಹೆಣ್ಣುಮಕ್ಕಳನ್ನೂ ಸೇರಿಸಿದರು. ಒಂದು ಪಾಠ ಪೂರ್ತಿ ಆಚರಣೆಗೆ ಬರಲು ಎಷ್ಟು ಶತಮಾನ ಹಿಡಿಯಬಹುದೆಂಬುದಕ್ಕೆ ಇದು ಉದಾಹರಣೆ.

ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಯಾರೂ ಗುರುವೆನ್ನಿಸಿಕೊಳ್ಳಬಾರದು, ಗುರು ಒಬ್ಬನೇ, ನೀವೆಲ್ಲರೂ ಸಹೋದರರು ಎಂಬುದು ಅದರ ಸಾರ. ಗುರು ಒಬ್ಬನಾದರೆ ಉಳಿದವರೆಲ್ಲ ಒಂದೇ ಚಾಪೆಯ ಮೇಲೆ ಕೂರುವ ಶಿಷ್ಯರು. ಕನ್ನಡ ನಾಡಿನ ಕ್ರೈಸ್ತ ಇತಿಹಾಸ ಮತ್ತೆ ಮತ್ತೆ ಎಡವಿದ್ದೂ ಎಚ್ಚೆತ್ತಿದ್ದೂ ಈ ಮಾತಿನ ಬಳಿಯೇ.

ಪದಗಳು ಹೇಳುವ ಕಥೆ

ಮೊದಲು ಭಾಷೆಯನ್ನೇ ನೋಡೋಣ. ಕನ್ನಡ ಕ್ರೈಸ್ತರ ನಿತ್ಯದ ಪದಗಳಲ್ಲಿ ಗುರುಪರಂಪರೆಯ ಛಾಯೆ ದಟ್ಟವಾಗಿದೆ. ಪ್ರಾಟೆಸ್ಟೆಂಟರು ನೀರಿನಿಂದ ಮಾಡುವ ಪ್ರವೇಶವಿಧಿಯನ್ನು 'ದೀಕ್ಷಾಸ್ನಾನ' ಎನ್ನುತ್ತಾರೆ. ಕಥೋಲಿಕರ ಹಳೆಯ ಮಾತು 'ಜ್ಞಾನಸ್ನಾನ'. ಗ್ರೀಕ್ ಮೂಲದ ಪದಕ್ಕೆ ಮುಳುಗಿಸುವುದು ಎಂಬಷ್ಟೇ ಅರ್ಥ; ದೀಕ್ಷೆ, ಜ್ಞಾನ ಎರಡೂ ಇಲ್ಲಿ ಬಂದು ಸೇರಿದವು. ಮಕ್ಕಳಿಗೆ ಧರ್ಮಪಾಠ ಕಲಿಸುವುದು 'ಜ್ಞಾನೋಪದೇಶ', ಕಲಿಸುವವನು 'ಉಪದೇಶಿ'. ಚರ್ಚಿನ ಪಾದ್ರಿಗಳು 'ಗುರುಗಳು', ಹಳ್ಳಿಗಳಲ್ಲಿ 'ಸ್ವಾಮಿಗಳು'. ರೋಮಿನ ಪೋಪರನ್ನು ಕಥೋಲಿಕ ಬರಹಗಳು 'ಜಗದ್ಗುರು' ಎಂದು ಕರೆದದ್ದೂ ಉಂಟು.

ಕನ್ನಡಿಗರಿಗೆ ಈ ಪದಗಳು ಅಪರಿಚಿತವಲ್ಲ. ವೀರಶೈವರಲ್ಲಿ ಗುರು, ಲಿಂಗ, ಜಂಗಮ ಎಂಬ ತ್ರಿವಿಧ ನಿಷ್ಠೆಯಲ್ಲಿ ಮೊದಲ ಸ್ಥಾನ ಗುರುವಿನದು. ಹರಿದಾಸರಲ್ಲಿಯೂ ಗುರುವಿಲ್ಲದೆ ಮುಕ್ತಿಯ ದಾರಿಯಿಲ್ಲ. ಹೊರಗಿನಿಂದ ಬಂದ ಧರ್ಮವೊಂದು ಜನರಿಗೆ ಅರ್ಥವಾಗಬೇಕಾದರೆ ಈ ಬಾಗಿಲಿನಿಂದಲೇ ಒಳಬರುವುದು ಸಹಜವಾಗಿತ್ತು. ಆದರೆ ಪದದ ಜೊತೆಗೆ ಅದರ ಸಾಮಾಜಿಕ ಹೊರೆಯೂ ಬರುತ್ತದೆ. ಗುರುವಿಗೆ ಮಠವಿದೆ, ಮಠಕ್ಕೆ ಕುಲವಿದೆ, ಕುಲಕ್ಕೆ ಗಡಿಯಿದೆ.

ಕಾವಿ ತೊಟ್ಟ ಜೆಸ್ಯುಟರು

ಈ ಬಾಗಿಲನ್ನು ಮೊದಲು ತಟ್ಟಿದವರು ಜೆಸ್ಯುಟ್ ಸಂಘದವರು. 1606ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ಟ್ ಡಿ ನೊಬಿಲಿ ಕಾವಿ ತೊಟ್ಟು, ಸಸ್ಯಾಹಾರಿಯಾಗಿ, ಸಂನ್ಯಾಸಿಯಂತೆ ಬದುಕಿ ತಮಿಳು ಸಂಸ್ಕೃತಗಳನ್ನು ಕಲಿತರು. 'ತತ್ತ್ವಬೋಧಕ' ಎಂಬ ಹೆಸರು ಪಡೆದರು. ಮನುಷ್ಯನಿಗೆ ದಾರಿ ತೋರಿಸಲು ದೇವರೇ ದಿವ್ಯಗುರುವಾಗಿ ಬಂದನೆಂದು ಅವರು ಕ್ರಿಸ್ತನನ್ನು ವಿವರಿಸಿದರು. ಇದೇ ಮಾದರಿಯನ್ನು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಸೀಮೆಗೆ ತಂದವರು ಲಿಯೊನಾರ್ಡೊ ಚಿನ್ನಾಮಿ. ಶ್ರೀರಂಗಪಟ್ಟಣವನ್ನು ನೆಲೆ ಮಾಡಿಕೊಂಡ ಅವರು ಕನ್ನಡ ಕಲಿತು, ಧರ್ಮಬೋಧೆಯ ಪುಸ್ತಕಗಳ ಜೊತೆಗೆ ಕನ್ನಡದ ವ್ಯಾಕರಣ, ಪದಕೋಶಗಳನ್ನೂ ಬರೆದರು. ಕಿಟೆಲ್ ಅವರಿಗಿಂತ ಎರಡು ಶತಮಾನ ಹಿಂದಿನ ಮಾತಿದು.

ಇವರ ತ್ಯಾಗ, ಪಾಂಡಿತ್ಯಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂನ್ಯಾಸಿಯ ವೇಷ ಧರಿಸಿದ ಮೇಲೆ ಆ ವೇಷದ ಮಡಿಯನ್ನೂ ಪಾಲಿಸಬೇಕಾಯಿತು. ಮೇಲ್ಜಾತಿಯವರು ಗೌರವಿಸುವ ಗುರು ಅಸ್ಪೃಶ್ಯರೆನಿಸಿಕೊಂಡವರ ಕೇರಿಗೆ ಹೋಗುವಂತಿರಲಿಲ್ಲ. ಹೀಗಾಗಿ ಮಧುರೆಯ ಕಡೆ ಕೆಳಜಾತಿಗಳಿಗೆಂದು 'ಪಂಡಾರಸ್ವಾಮಿ' ಎಂಬ ಬೇರೆ ಬಗೆಯ ಗುರುಗಳ ಏರ್ಪಾಡಾಯಿತು. ಒಬ್ಬನೇ ಗುರುವಿನ ಶಿಷ್ಯರಿಗೆ ಎರಡು ಬಗೆಯ ಗುರುಗಳು! ಈ ವಿವಾದ ರೋಮಿನವರೆಗೆ ಹೋಯಿತು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಹೊರಡಿಸಿದ ಆಜ್ಞೆಯಲ್ಲಿ, ಕೆಳಜಾತಿಯ ರೋಗಿಗಳಿಗೆ ಸಂಸ್ಕಾರಗಳು ದೊರೆಯದೆ ಹೋಗಬಾರದೆಂಬ ಕಟ್ಟಪ್ಪಣೆ ಇತ್ತು. ಆದರೂ ಅದೇ ಸಮಯದಲ್ಲಿ ಆ ಜನರಿಗೆಂದೇ ಪ್ರತ್ಯೇಕ ಪಾದ್ರಿಗಳನ್ನು ನೇಮಿಸುವ ಸಲಹೆಗೂ ಒಪ್ಪಿಗೆ ಸಿಕ್ಕಿತು. ಕಾಲು ತೊಳೆದ ಗುರುವಿನ ಪಾಠ ಜಾತಿಯ ಹೊಸ್ತಿಲಲ್ಲಿ ಬಂದು ನಿಂತಿತ್ತು.

ಮಂಗಳೂರಿನ ಗುರು, ಮಂಗಳೂರಿನ ಶಿಷ್ಯ

ನೂರು ವರ್ಷಗಳ ನಂತರ ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜಾತಿಯ ಗುರುತುಗಳನ್ನು ಬಿಟ್ಟು ಬರುವುದು ಕಡ್ಡಾಯವೆಂದಿತು. 1836ರಲ್ಲಿ ಸೇರಿಕೊಂಡ ಹರ್ಮನ್ ಮೋಗ್ಲಿಂಗ್, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರೆಂದು ಎಲ್ಲರಿಗೂ ಪರಿಚಿತರು. ಅವರ ವಿದ್ಯಾರ್ಥಿಗಳಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ, ಸಾರಸ್ವತ ಬ್ರಾಹ್ಮಣ ಮನೆತನದ ಯುವಕ. 1844ರ ಜನವರಿಯಲ್ಲಿ ಅವನು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಗುರುವಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ಮುಂದೆ ಸ್ವಿಟ್ಜರ್‌ಲೆಂಡಿನ ಬಾಸೆಲಿನಲ್ಲಿ ಓದಿ, 1851ರಲ್ಲಿ ಗುರುಪಟ್ಟ ಪಡೆದು, ಮಂಗಳೂರಿಗೆ ಮರಳಿ ಸೆಮಿನರಿಯಲ್ಲಿ ಬೋಧಕರಾದರು.

ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಗುರುವೇ ಶಿಷ್ಯನಾದದ್ದು. ಧರ್ಮ ಕಲಿಸಲು ಬಂದ ಮೋಗ್ಲಿಂಗ್ ಕನ್ನಡದ ಮುಂದೆ ವಿದ್ಯಾರ್ಥಿಯಾಗಿ ಕೂತರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಸೇರಿದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯನ್ನು 1848ರಿಂದ 1853ರವರೆಗೆ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಜೀವನವನ್ನು ಕನ್ನಡದ ದೇಶೀ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹಾಡಿದರು. ಎರಡನೆಯದು ಕೊಡಗಿನ ಆನಂದಪುರ. 1850ರ ದಶಕದಲ್ಲಿ ಮೋಗ್ಲಿಂಗ್ ಅಲ್ಲಿ ನೆಲೆ ಮಾಡಿಕೊಟ್ಟದ್ದು ಜೀತದಲ್ಲಿ ನರಳುತ್ತಿದ್ದ ದಲಿತ ಕುಟುಂಬಗಳಿಗೆ. ಚಿನ್ನಾಮಿಯ ಕಾಲದ ಸಂನ್ಯಾಸಿಗುರು ದಾಟಲಾರದ ಹೊಸ್ತಿಲನ್ನು ಇಲ್ಲಿ ದಾಟಲಾಗಿತ್ತು.

ಆದರೆ ಬಾಸೆಲ್ ಮಿಷನ್ನಿಗೂ ತನ್ನದೇ ಆದ ತೊಡಕು ಇತ್ತು. ಜಾತಿ ಬಿಟ್ಟವರಿಗೆ ಕಸುಬೂ ತಪ್ಪುತ್ತಿತ್ತು. ಅವರಿಗೆ ಅನ್ನದ ದಾರಿಯಾಗಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಗಳು ಹುಟ್ಟಿದವು. ಮಂಗಳೂರು ಹೆಂಚು ಲೋಕಪ್ರಸಿದ್ಧವಾಯಿತು. ಸಂಬಳ ಕೊಡುವವರೂ, ಮನೆ ಕೊಡುವವರೂ, ಪ್ರಾರ್ಥನೆ ನಡೆಸುವವರೂ ಒಂದೇ ಸಂಸ್ಥೆಯಾದಾಗ ಶಿಷ್ಯ ಯಾರಿಗೆ ವಿಧೇಯ - ಗುರುವಿಗೋ, ಧಣಿಗೋ? ಕಾರ್ಖಾನೆ ಮತ್ತು ಪ್ರಾರ್ಥನಾ ಮಂದಿರ ಅಕ್ಕಪಕ್ಕ ಬಂದಾಗ ಏಳುವ ಈ ಪ್ರಶ್ನೆ ಮುಂದೆ ಬೆಂಗಳೂರಿನ ಕೈಗಾರಿಕಾ ಸೀಮೆಯಲ್ಲೂ ಏಳಬೇಕಿತ್ತು.

ಇದೇ ಕಾಲದಲ್ಲಿ ಬೆಂಗಳೂರು, ಗುಬ್ಬಿ, ತುಮಕೂರುಗಳಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಮಾಡುತ್ತಿತ್ತು. ಅದರ ಮೂಲಪುರುಷ ಜಾನ್ ವೆಸ್ಲಿ 1742ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ 'ಕ್ಲಾಸ್' ಪದ್ಧತಿ ಶಿಷ್ಯತ್ವದ ಇತಿಹಾಸದಲ್ಲಿ ಮುಖ್ಯವಾದದ್ದು. ಸುಮಾರು ಹನ್ನೆರಡು ಮಂದಿಯ ಗುಂಪು ವಾರಕ್ಕೊಮ್ಮೆ ಸೇರಿ, ಈ ವಾರ ನಿನ್ನ ನಡತೆ ಹೇಗಿತ್ತೆಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು. ಮೇಲೆ ಕೂತು ಬೋಧಿಸುವ ಪಂಡಿತ ಅಲ್ಲಿರಲಿಲ್ಲ. ಗುಂಪಿನ ಮುಂದಾಳು ಚಮ್ಮಾರನಾಗಿರಬಹುದು, ಮನೆಗೆಲಸದ ಹೆಂಗಸಾಗಿರಬಹುದು. ಗುರು ಒಬ್ಬನೇ, ಉಳಿದವರು ಸಹಪಾಠಿಗಳು ಎಂಬ ಮಾತಿಗೆ ಇದು ಸಾಮಾನ್ಯರು ಕಂಡುಕೊಂಡ ಕ್ರಮ.

ಸರ್ವಜ್ಞನನ್ನು ಹುಡುಕಿ ಹೊರಟ ಪಾದ್ರಿ

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಗೆ ಕನ್ನಡದ ಸ್ವಂತ ದನಿ ಕೊಟ್ಟವರು ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರು. 'ತಿರುಳ್ಗನ್ನಡದ ತಿರುಕ' ಎಂದು ತಮ್ಮನ್ನು ಕರೆದುಕೊಂಡವರು. ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಸಿದ್ಧರಾಮನ ವಚನಗಳನ್ನು ಸಂಪಾದಿಸಿದರು, ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಗ್ರಂಥ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು.

ಒಬ್ಬ ಪಾದ್ರಿ ಶರಣರ ಬಳಿಗೆ ಹೋದದ್ದೇಕೆ? ಕ್ರಿಸ್ತನ ಶಿಷ್ಯನಾಗಲು ಕನ್ನಡಿಗ ತನ್ನ ನೆಲದ ಅರಿವನ್ನು ತೊರೆಯಬೇಕಿಲ್ಲವೆಂಬ ನಂಬಿಕೆ ಉತ್ತಂಗಿಯವರ ಬದುಕಿನಲ್ಲೇ ಕಾಣುತ್ತದೆ. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಅವರ ಕೃತಿಯ ಹೆಸರನ್ನೇ ನೋಡಬಹುದು. ಅದರಲ್ಲಿರುವುದು ಆಜ್ಞೆಯಲ್ಲ, ವಿನಂತಿ. ಭಿಕ್ಷೆಯ ಚೀಲ ಹಿಡಿದು ಮನೆಮನೆಯ ಮುಂದೆ ನಿಂತ ಸರ್ವಜ್ಞನಿಗೂ, ಮಠಪೀಠಗಳ ಗೊಡವೆಯಿಲ್ಲದೆ ಬಯಲಿನಲ್ಲಿ ಕಲಿಸಿದ ಗಲಿಲೆಯ ಗುರುವಿಗೂ ಅವರು ಸಂಬಂಧ ಕಂಡಿದ್ದರೆ ಆಶ್ಚರ್ಯವಿಲ್ಲ. ಇತ್ತ ಗಡಿನಾಡಿನ ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿಸಿದರು. ಚರ್ಚಿನ ಹೊರಗಿನವರೂ ಆ ಗುರುವಿನ ಮಾತಿಗೆ ಕಿವಿಗೊಟ್ಟ ಕಾಲವದು.

ಕೆಂಗೇರಿಯಿಂದ ಚಾಮುಂಡಿಬೆಟ್ಟದವರೆಗೆ

ಸ್ವಾತಂತ್ರ್ಯಾನಂತರ ಬೆಂಗಳೂರಿನ ಹೊರವಲಯ ಈ ಹುಡುಕಾಟದ ಕೇಂದ್ರವಾಯಿತು. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ ಮೊದಲು ನೆಲೆಸಲು ಯತ್ನಿಸಿದ್ದು ಕೆಂಗೇರಿಯಲ್ಲಿ; 1958ರಲ್ಲಿ ಅವರು ಕೇರಳಕ್ಕೆ ತೆರಳಿ ಕುರಿಸುಮಲೆ ಆಶ್ರಮದ ಸ್ಥಾಪನೆಯಲ್ಲಿ ಕೈಜೋಡಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕ ಸಭೆ ಆಯಾ ನಾಡಿನ ಸಂಸ್ಕೃತಿಗೆ ಬಾಗಿಲು ತೆರೆಯಿತು. ಆ ಹೊತ್ತಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧೆ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದವರು ಡಿ. ಎಸ್. ಅಮಲೋರ್‌ಪವದಾಸ್. ನೆಲದ ಮೇಲೆ ಕೂತು ಪೂಜೆ, ಎಣ್ಣೆದೀಪ, ಆರತಿ, ಅಂಜಲಿಬದ್ಧ ನಮಸ್ಕಾರ - ಇಂಥ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. 1979ರಲ್ಲಿ ಅವರು ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮ ಆರಂಭಿಸಿದರು. ಅಲ್ಲಿ ಕ್ರಿಸ್ತನೇ ಸದ್ಗುರು. ಆಶ್ರಮದ ಆಚಾರ್ಯ ಅವನ ಕಡೆಗೆ ಕೈತೋರಿಸುವವನು ಮಾತ್ರ. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ಇಂಥ ಕಡೆಗಳಲ್ಲಿ ಬೆಳೆದ ಪ್ರಾರ್ಥನೆಯ ರೀತಿಯನ್ನು ಸ್ವಲ್ಪ ವಿವರಿಸಬೇಕು. ಹನ್ನೆರಡನೆಯ ಶತಮಾನದ ಯುರೋಪಿನ ಮಠವಾಸಿ ಎರಡನೆಯ ಗೀಗೊ ನಾಲ್ಕು ಮೆಟ್ಟಿಲು ಹೇಳಿದ್ದ: ಓದು, ಮನನ, ಪ್ರಾರ್ಥನೆ, ಧ್ಯಾನ. ಸುವಾರ್ತೆಯ ಒಂದು ಸಣ್ಣ ಭಾಗವನ್ನು ನಿಧಾನವಾಗಿ ಓದುವುದು. ಮನಸ್ಸಿಗೆ ತಾಗಿದ ಮಾತನ್ನು ಮೆಲುಕು ಹಾಕುವುದು. ಅದರ ಬಗ್ಗೆ ಗುರುವಿನೊಡನೆ ನೇರವಾಗಿ ಮಾತಾಡುವುದು. ಕೊನೆಗೆ ಮಾತು ನಿಲ್ಲಿಸಿ ಸುಮ್ಮನೆ ಅವನ ಎದುರು ಕೂರುವುದು. ನಮ್ಮ ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲವರಿಗೆ ಇದು ಹೊಸದೆನಿಸದು. ಇದಕ್ಕೆ ಜೆಸ್ಯುಟ್ ಸಂಘದ ಸ್ಥಾಪಕ ಇಗ್ನೇಷಿಯಸರು ಕಲಿಸಿದ ರಾತ್ರಿಯ ಆತ್ಮಪರೀಕ್ಷೆ ಸೇರಿದರೆ ಶಿಷ್ಯನ ದಿನಚರಿ ಪೂರ್ಣವಾಗುತ್ತದೆ. ಬೆಳಿಗ್ಗೆ ಪಾಠ, ಹಗಲೆಲ್ಲ ಅಭ್ಯಾಸ, ರಾತ್ರಿ ಲೆಕ್ಕ ಒಪ್ಪಿಸುವುದು. ಬೇಡಿಕೆಗಳ ಪಟ್ಟಿಗೆ ಇಲ್ಲಿ ಮೊದಲ ಸ್ಥಾನವಿಲ್ಲ.

ಈ ಭಾರತೀಕರಣಕ್ಕೆ ವಿರೋಧವೂ ಬಂತು. ಕಾವಿ, ಆರತಿ, ಸಂಸ್ಕೃತ ಮಂತ್ರಗಳು ಹಿಂದೂಕರಣವೆಂದು ಕೆಲವು ಕಥೋಲಿಕರು ಸಿಟ್ಟಾದರು. ಇನ್ನೊಂದು ಟೀಕೆ ಅದಕ್ಕಿಂತ ಆಳವಾದದ್ದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೈವಶಾಸ್ತ್ರಕ್ಕೆ ನಾಂದಿಯಾಯಿತು. ಭಾರತದ ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತರಾಗಿರುವಾಗ, ಭಾರತೀಯ ಕ್ರೈಸ್ತ ಚಿಂತನೆಯೆಂದರೆ ವೇದಾಂತವೇ ಏಕಾಗಬೇಕು ಎಂಬುದು ಆ ಧಾರೆ ಕೇಳಿದ ಪ್ರಶ್ನೆ. ಏಕಲವ್ಯನ ಹೆಬ್ಬೆರಳು ಕೇಳಿದ್ದೂ ಗುರುವೇ ಅಲ್ಲವೇ? ಈ ಮಾತಿಗೆ ಸುಲಭದ ಉತ್ತರವಿಲ್ಲ. ಇರುವ ಉತ್ತರ ಆ ಕಡೆಯ ರಾತ್ರಿಯ ಬೋಗುಣಿ ಮತ್ತು ಬಟ್ಟೆಯಲ್ಲೇ ಇದೆ. ಹೆಬ್ಬೆರಳು ಕೇಳದೆ ಕಾಲು ತೊಳೆದವನು ಎಂಬ ಅರ್ಥದಲ್ಲಿ ಮಾತ್ರ 'ಗುರು' ಎಂಬ ಪದ ಕ್ರಿಸ್ತನಿಗೆ ಒಪ್ಪೀತು.

ವೈಟ್‌ಫೀಲ್ಡಿನ ಪಾಠ

ಈ ಹಿನ್ನೆಲೆಯಲ್ಲಿ ವೈಟ್‌ಫೀಲ್ಡಿನ ಕೇಂದ್ರದ ಮಹತ್ವ ಸ್ಪಷ್ಟವಾಗುತ್ತದೆ. ಆಶ್ರಮಗಳು ಶಿಷ್ಯನನ್ನು ಒಳಮುಖವಾಗಿ ಕರೆದೊಯ್ದವು, ಎಂ. ಎ. ಥಾಮಸ್ ಅವರ ಕೇಂದ್ರ ಅವನನ್ನು ಬೀದಿಯ ಕಡೆಗೂ ತಿರುಗಿಸಿತು. ತುರ್ತುಪರಿಸ್ಥಿತಿ ಮುಗಿದ 1977ರಲ್ಲಿ ಅವರು ನಾಗರಿಕ ಹಕ್ಕುಗಳ ಕಾವಲಿಗಾಗಿ 'ವಿಜಿಲ್ ಇಂಡಿಯಾ' ಚಳವಳಿ ಆರಂಭಿಸಿದ್ದು ಇದೇ ದೃಷ್ಟಿಯ ಫಲ. ಬೆಂಗಳೂರಿನಲ್ಲಿ 1957ರಿಂದ ಕೆಲಸ ಮಾಡುತ್ತಿದ್ದ ಕ್ರೈಸ್ತ ಧರ್ಮ-ಸಮಾಜ ಅಧ್ಯಯನ ಸಂಸ್ಥೆಯ ಪಿ. ಡಿ. ದೇವನಂದನ್, ಎಂ. ಎಂ. ಥಾಮಸ್ ಅವರೂ ಹೇಳುತ್ತಿದ್ದದ್ದು ಇದನ್ನೇ: ಧರ್ಮದ ಪ್ರಶ್ನೆ ಮತ್ತು ರಾಷ್ಟ್ರನಿರ್ಮಾಣದ ಪ್ರಶ್ನೆ ಬೇರೆಬೇರೆಯಲ್ಲ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ 1971ರಲ್ಲಿ ಜಿನೀವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅನ್ಯಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕಲಿಸಲು ಹೋದವನು ಕಲಿಯಲೂ ಸಿದ್ಧನಿರಬೇಕೆಂಬ ಮೋಗ್ಲಿಂಗ್, ಉತ್ತಂಗಿಯವರ ಹಾದಿ ಹೀಗೆ ಲೋಕದ ವೇದಿಕೆಗೆ ಹೋಯಿತು.

ಅಷ್ಟರಲ್ಲಿ ಬೆಂಗಳೂರೇ ಬದಲಾಗತೊಡಗಿತ್ತು. 1970ರ ದಶಕದಲ್ಲಿ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳು ತಲೆಯೆತ್ತಿದವು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್ ಬಂತು. 2023ರಲ್ಲಿ ಕಾಡುಗೋಡಿಯವರೆಗೆ ಮೆಟ್ರೋ ರೈಲು ಓಡಿತು. ಇಂದು ಈ ಸೀಮೆಯಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಮಲಯಾಳ, ಹಿಂದಿ, ಇಂಗ್ಲಿಷ್ ಪ್ರಾರ್ಥನಾ ಸಭೆಗಳಿವೆ. ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯ ಬೈಬಲ್ ಗುಂಪುಗಳು ಸೇರುತ್ತವೆ. ಜಾರ್ಖಂಡ್, ಒಡಿಶಾ, ಈಶಾನ್ಯ ರಾಜ್ಯಗಳಿಂದ ಕೆಲಸ ಹುಡುಕಿ ಬಂದವರಲ್ಲೂ ಕ್ರೈಸ್ತರಿದ್ದಾರೆ. ಸಾಫ್ಟ್‌ವೇರ್ ಇಂಜಿನಿಯರ್ ಮತ್ತು ಅವನ ಕಚೇರಿಯ ಗೇಟು ಕಾಯುವವನು ಭಾನುವಾರ ಒಂದೇ ಗುರುವಿನ ಹೆಸರು ಹೇಳುತ್ತಾರೆ. ಆದರೆ ಹೆಚ್ಚಿನ ವೇಳೆ ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ.

ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂದಿರುವುದು ಇಲ್ಲಿಯೇ. ಜಾತಿಗೊಬ್ಬ ಗುರುವಿದ್ದ ಕಾಲ ಹೋಗಿ, ಸಂಬಳಕ್ಕೆ ತಕ್ಕ ಸಭೆಯ ಕಾಲ ಬರಬಹುದೇ? ಮೊಬೈಲಿನ ಪರದೆಯ ಮೇಲೆ ಪ್ರಸಿದ್ಧ ಬೋಧಕರಿಗೆ ಕೊರತೆಯಿಲ್ಲ. ಲಕ್ಷಾಂತರ ಮಂದಿ ಅವರನ್ನು ಕೇಳುತ್ತಾರೆ. ಕೇಳುವುದು ಸುಲಭ. ಈ ವಾರ ನಿನ್ನ ನಡತೆ ಹೇಗಿತ್ತೆಂದು ಕೇಳುವ ಹನ್ನೆರಡು ಮಂದಿ ಸಹಪಾಠಿಗಳು ಸಿಗುವುದು ಕಷ್ಟ. ಗುತ್ತಿಗೆ ಕೆಲಸಗಾರನ ಕೂಲಿ ಹಿಡಿದಿಟ್ಟುಕೊಂಡವನು, ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟವನು ಬೆಳಗಿನ ಪ್ರಾರ್ಥನೆಯಲ್ಲಿ ಗುರುವಿನ ಎದುರು ಏನೆಂದು ಹೇಳಿಯಾನು?

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆ ಶಿಲ್ವೇಪುರವೆಂಬ ಹಳ್ಳಿಯಿದೆ. ಶಿಲುಬೆಯ ಹೆಸರು ಹೊತ್ತ ಆ ಊರು ಹುಟ್ಟಿದ್ದು 1876-78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳಿಗಾಗಿ. ಮುಂದೆ ಅಲ್ಲಿ ಕಲಾವಿದ ಜ್ಯೋತಿ ಸಾಹಿ ಕಲಾಶ್ರಮ ಕಟ್ಟಿ, ಕ್ರಿಸ್ತನನ್ನು ಈ ನೆಲದ ರೂಪಕಗಳಲ್ಲಿ ಚಿತ್ರಿಸಿದರು. ಹಸಿದವರಿಗೆ ಅನ್ನ ಕೊಟ್ಟ ಜಾಗವೇ ಧ್ಯಾನಕ್ಕೂ ಕಲೆಗೂ ನೆಲೆಯಾದದ್ದು ಅರ್ಥಪೂರ್ಣ. ಮುನ್ನೂರೈವತ್ತು ವರ್ಷಗಳ ಈ ಕಥೆಯಲ್ಲಿ ಗುರುವಿಗೆ ತೊಡಿಸಿದ ವೇಷಗಳು ಬದಲಾಗುತ್ತ ಬಂದಿವೆ - ಕಾವಿ, ನಿಲುವಂಗಿ, ಖಾದಿ. ಬದಲಾಗದೆ ಉಳಿದದ್ದು ಅವನು ಶಿಷ್ಯರ ಮುಂದಿಟ್ಟ ಪರೀಕ್ಷೆ. ನೀವು ಒಬ್ಬರನ್ನೊಬ್ಬರು ಪ್ರೀತಿಸಿದರೆ, ಅದರಿಂದಲೇ ಎಲ್ಲರೂ ನಿಮ್ಮನ್ನು ನನ್ನ ಶಿಷ್ಯರೆಂದು ಗುರುತಿಸುತ್ತಾರೆ ಎಂದು ಅವನು ಆ ರಾತ್ರಿ ಕಾಲು ತೊಳೆದ ಮೇಲೆ ಹೇಳಿದ. ಆ ಗುರುತು ಸಿಕ್ಕಿತೋ ಇಲ್ಲವೋ ಎಂಬುದನ್ನು ಶಿಷ್ಯರು ತಾವೇ ಹೇಳಿಕೊಳ್ಳುವಂತಿಲ್ಲ. ಅದನ್ನು ಹೇಳಬೇಕಾದವರು ಅವರ ನೆರೆಯವರು.